ಅಪ್ಪಿಯ ಜಗಲಿ

ಗಂಗೊಳ್ಳಿ ಬಂದರಿನಲ್ಲಿ ಮೀನು ಮಾರುವ ಅಪ್ಪಿಗೆ ಒಡಹುಟ್ಟಿದವರಿರಲಿಲ್ಲ. ಗಂಡನೂ ತೀರಿಹೋಗಿದ್ದ. ಹೀಗಿದ್ದವಳು ೨೦೦೬ರಲ್ಲಿ ಶೀನನಿಗೆ ಅಕ್ಕನಾದಳು.

ಶೀನ ಶಂಕರನಾರಾಯಣ ಎಂಬ ಊರಿನ ಕಡೆಯವನು. ಬೋಟಿನ ಕೆಲಸಕ್ಕೆ ಬಂದು, ಕುಡಿತಕ್ಕೆ ಬಿದ್ದು, ಮನೆಯವರಿಗೆ ಬೇಡವಾದವ. ಮಂಜುಗಡ್ಡೆ ಕಾರ್ಖಾನೆಯ ಹೊರಗೆ ಹೆಂಚಿನ ಮಾಡಿನಡಿ ಮಲಗುತ್ತಿದ್ದ. ಬೆಳಿಗ್ಗೆ ಕೈ ನಡುಗುತ್ತಿದ್ದರೂ ಅಪ್ಪಿಯ ಮೀನಿನ ಬುಟ್ಟಿಯನ್ನು ಬಸ್ಸಿನವರೆಗೆ ಹೊತ್ತು ತರುತ್ತಿದ್ದ. ಒಂದು ಬಂಗುಡೆಯನ್ನೂ ಕೆಳಗೆ ಬೀಳಿಸಿದವನಲ್ಲ, ಪಾಪ.

ಆ ವರ್ಷ ಕುಂದಾಪುರದ ಒಂದು ಕಲ್ಯಾಣಮಂಟಪದಲ್ಲಿ ಕುಡಿತ ಬಿಡಿಸುವ ಶಿಬಿರವಾಯಿತು. ಸೇರಲು ಮನೆಯವರೊಬ್ಬರು ಬೇಕು. ಕೊನೆಯ ದಿನ ಅವರು ಆರತಿ ಎತ್ತಿ ಮನೆಗೆ ಕರೆದುಕೊಂಡು ಹೋಗಬೇಕು.

"ಅಕ್ಕಾ, ನೀನೇ ಬಾ. ನಂಗೆ ಯಾರಿದ್ರ್?" ಎಂದ ಶೀನ.

ಅಪ್ಪಿ ಹೋಗಿ ಆರತಿ ಎತ್ತಿದಳು. ಉಳಿದವರನ್ನು ಹೆಂಡಂದಿರು ಮನೆಗೆ ಕರೆದೊಯ್ದರು. ಇವರಿಬ್ಬರೂ ಗಂಗೊಳ್ಳಿಯಲ್ಲಿ ಬಸ್ಸಿಳಿದರು. ಅಕ್ಕ ತನ್ನ ಮನೆಗೆ, ತಮ್ಮ ಅದೇ ಮಾಡಿನಡಿಗೆ.

ಶೀನ ಹಲ್ಲು ಕಚ್ಚಿ ತಡೆದುಕೊಂಡ. ಮಳೆಗಾಲ ಬಂದು ಬೋಟುಗಳು ದಡ ಸೇರಿದವು. ಕೆಲಸವಿಲ್ಲದವರೆಲ್ಲ ಆ ಮಾಡಿನಡಿ ಕೂತರು, ಬಾಟಲಿ ಕೈಯಿಂದ ಕೈಗೆ ಹೋಗತೊಡಗಿತು.

"ಅಲ್ಲ್ ಮನಿಕಂಡ್ರೆ ನಾ ಉಳುದಿಲ್ಲ ಅಕ್ಕಾ. ನಿನ್ ಜಗ್ಲಿ ಮೇಲ್ ಒಂದ್ ಮೂಲೆ ಸಾಕ್." ಮಲಗಲು ಜಾಗ ಕೇಳಿದ ಶೀನ.

"ಗಂಡ ಇಲ್ದಿದ್ ಹೆಂಗ್ಸ್ ನಾನ್. ಜನ ಎಂತ ಹೇಳ್ತ್ರ್ ಶೀನ?"

ಅವನು ಮತ್ತೆ ಆ ಮಾಡಿನಡಿಗೇ ಹೋದ.

ಸ್ವಲ್ಪ ದಿನದಲ್ಲೇ ಶಿಬಿರದ ಪ್ರೇಮಾನಂದ ಮಾಷ್ಟ್ರು ವಿಚಾರಿಸಲು ಬಂದರು. ಶಿಬಿರ ಫಲ ಕೊಟ್ಟಿತೋ ಇಲ್ಲವೋ ಎಂದು ಅಳೆಯಲು ಅವರಿಗಿದ್ದದ್ದು ಮನೆಯವರ ಮಾತೊಂದೇ. ಕುಡುಕನನ್ನೇ ಕೇಳಿದರೆ ನಂಬುವುದು ಹೇಗೆ?

"ತಮ್ಮ ಹ್ಯಾಂಗಿದ್ದ ಅಪ್ಪಿ? ಕುಡಿತ್ನಾ?"

ಹಿಂದಿನ ದಿನವೇ ಶೀನನ ಬಾಯಿ ನಾರಿತ್ತು. ಆದರೆ ಆರತಿ ಎತ್ತಿದವಳು, ಮನೆಯ ಮರ್ಯಾದೆ ಬೀದಿಗೆ ಹಾಕುವುದುಂಟೇ?

"ಲಾಯ್ಕ್ ಇದ್ದ ಮಾಷ್ಟ್ರೇ. ಮುಟ್ಟುದೇ ಇಲ್ಲ."

ಇಲ್ಲದ ಮನೆಯ ಮರ್ಯಾದೆಯನ್ನು ಹೀಗೆ ಉಳಿಸಿದಳು ಪುಣ್ಯಾತ್ಗಿತ್ತಿ! ಮಾಷ್ಟ್ರು ಖುಷಿಯಾಗಿ ಹೋದರು. ಚೆನ್ನಾಗಿರುವವನನ್ನು ಹುಡುಕಿಕೊಂಡು ಆಮೇಲೆ ಯಾರೂ ಬರಲಿಲ್ಲ.

ವರ್ಷ ತುಂಬಿದಾಗ ಅದೇ ಮಂಟಪದಲ್ಲಿ ಸಭೆ. ಕುಡಿತ ಬಿಟ್ಟವರಿಗೆ ಶಾಲು ಹೊದೆಸುತ್ತಿದ್ದರು. ಶೀನನ ಹೆಸರು ಕರೆದಾಗ ಅಪ್ಪಿ ಎದ್ದು ಹೋದಳು. ಮೈಕ್ ಹಿಡಿದಳು.

"ಶೀನ ಹೋದ್ ವಾರ ತೀರ್ಹೋದ. ಕುಡ್ಕಂಡೇ ತೀರ್ಹೋದ. ನಾ ಸುಳ್ಳ್ ಹೇಳಿದ್ದೆ."

ಮಾಷ್ಟ್ರ ಕೈಯಲ್ಲಿ ಶಾಲು ಹಾಗೇ ಉಳಿಯಿತು. "ಅವತ್ತೇ ಹೇಳುಕಾಗ್ತಿರ್ಲಿಲ್ಯಾ ಅಪ್ಪಿ?" ಎಂದರು ಮೆಲ್ಲಗೆ.

"ಕುಡಿತ್ನಾ ಅಂದ್ ಕೇಂಡ್ರಿ. ಎಲ್ಲ್ ಮನಿಕಂತ ಅಂದ್ ನೀವ್ ಕೇಣ್ಲಿಲ್ಲ." ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಂಗೆ ಗೊತ್ತಿತ್ತ್. ನಾನೂ ಜಾಗ ಕೊಡ್ಲಿಲ್ಲ."