ಚೇಳು ಛಾಪಿನ ಭೀಮಶಾ ಕಾಕಾ

ಚೌಡಾಪುರದ ಮೇಲಿನ ಓಣಿಯಿಂದ ಹಳ್ಳದ ಸೇತುವೆಗೆ ಇಳಿಯುವ ಡಾಂಬರು ರಸ್ತೆಯಲ್ಲಿ ಒಂದೇ ಒಂದು ತಿರುವು ಇತ್ತು. ಓಣಿಯಿಂದ ನೆಟ್ಟಗೆ ಇಳಿಯುವ ಕಾಲುದಾರಿ ಬಂದು ರಸ್ತೆಗೆ ಕೂಡುತ್ತಿದ್ದದ್ದೂ ಅಲ್ಲೇ. ಎಂಬತ್ತಾರರ ಬೇಸಿಗೆಯ ಒಂದು ಭಾನುವಾರ, ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ, ನಾನು ಆ ತಿರುವಿನ ಕಲ್ಲಿನ ಪಕ್ಕದಲ್ಲಿ ನಿಂತಿದ್ದೆ. ಅಲ್ಲಿಂದ ಮೇಲಿನ ಇಳಿಜಾರೂ ಕೆಳಗಿನ ಸೇತುವೆಯೂ ಕಾಣುತ್ತಿದ್ದವು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಆ ದಿನದ ಸುದ್ದಿಯನ್ನು ಊರಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ನಾನು ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬರೆಯುತ್ತೇನೆ.

ಭೀಮಶಾ ಕಾಕಾ ಬೂಟು ಹೊಲಿಯುವವರು. ಬಸ್ಸು ನಿಲ್ಲುವಲ್ಲಿ ನನ್ನ ಔಷಧದ ಅಂಗಡಿ, ಅದಕ್ಕೆ ಹತ್ತಿಕೊಂಡ ತಗಡಿನ ನೆರಳು ಅವರದು. ಗಿರಾಕಿ ಬಂದು ಕೂತರೆ ಅವರು ಮೊದಲು ಅಳತೆ ಕೇಳುತ್ತಿರಲಿಲ್ಲ.

"ನಿನ್ನ ಯಾವ ಕಾಲು ಹೆದರತದಪಾ?" ಎನ್ನುತ್ತಿದ್ದರು.

ಹೊಸಬರು ಮಿಕಿಮಿಕಿ ನೋಡುವರು. "ಇಳಿಜಾರಿನಾಗ ಓಡಿ ನೋಡು. ಒಂದು ಕಾಲು ನಡಿ ನಡಿ ಅಂತದ, ಒಂದು ಕಾಲು ಬ್ಯಾಡ ಬ್ಯಾಡ ಅಂತದ. ಆ ಬ್ಯಾಡ ಅನ್ನೂ ಕಾಲು ಯಾವುದು, ಅದಷ್ಟ ಹೇಳು ನನಗ."

ಅದಕ್ಕೊಂದು ಕಾರಣವಿತ್ತು. ನಮ್ಮ ಹಿಂದುಗಡೆ ಲಾರಿ ಗ್ಯಾರೇಜು. ಲಾರಿಯ ಕೆಳಗೆ ಅಂಗಾತ ಮಲಗಿ ನುಸುಳಲು ಅಲ್ಲಿಯ ಹುಡುಗರು ಹಲಗೆಗೆ ಹಳೆಯ ಬೇರಿಂಗು ಬಡಿದು ಗಾಡಿ ಮಾಡಿಕೊಂಡಿದ್ದರು. ಸಂಜೆ ಕೆಲಸ ಮುಗಿದರೆ ಅದೇ ಹಲಗೆಯ ಮೇಲೆ ನೆಟ್ಟಗೆ ನಿಂತು ಸೇತುವೆಯ ಇಳಿಜಾರಿನಲ್ಲಿ ಬಿಡುತ್ತಿದ್ದರು. ನಿಲ್ಲಿಸಬೇಕೆಂದರೆ ಒಂದು ಕಾಲನ್ನು ನೆಲಕ್ಕೆ ಉಜ್ಜಬೇಕು. ಚಪ್ಪಲಿ ಹರಿಯುತ್ತಿತ್ತು, ಹಿಂದೆಯೇ ಹೆಬ್ಬೆರಳೂ. ಹೆಬ್ಬೆರಳಿಗೆ ಪಟ್ಟಿ ಕಟ್ಟಿಸಿಕೊಳ್ಳಲು ನನ್ನ ಅಂಗಡಿಗೆ ಬರುತ್ತಿದ್ದವರನ್ನು ಕಂಡೇ ಕಾಕಾ ಈ ಬೂಟು ಶುರುಮಾಡಿದ್ದು.

ಮೇಲೆ ಲಾರಿಯ ತಾಡಪತ್ರಿ, ಕೆಳಗೆ ಲಾರಿಯ ಟೈರು. ಹೆದರುವ ಕಾಲಿನ ಬೂಟಿಗೆ ಮುಂಗಾಲಿನ ಕೆಳಗೆ ಒರಟು ಟೈರಿನ ಇನ್ನೊಂದು ಪದರ. ಇನ್ನೊಂದು ಬೂಟಿನ ಅಟ್ಟೆ ನುಣ್ಣಗೆ, ಹಲಗೆಯ ಮೇಲೆ ಕಾಲು ತಿರುಗಲೆಂದು. ಮೇಲಿನಿಂದ ನೋಡಿದರೆ ಎಲ್ಲ ಜೋಡಿಯೂ ಒಂದೇ ತರಹ, ತಿರುವಿ ನೋಡಿದರೆ ಮಾತ್ರ ಬೇರೆ. ಹಿಮ್ಮಡಿಯ ಮೇಲೆ ಕಾಯಿಸಿದ ಅಚ್ಚಿನಿಂದ ಸುಟ್ಟ ಒಂದು ಚೇಳು.

"ಕಾಕಾ, ನಿನ್ನ ಚೇಳು ಕಪ್ಪಿ ಆಗ್ಯಾದ ನೋಡು," ಎಂದು ಗ್ಯಾರೇಜಿನ ಶರಣು, ಅಚ್ಚು ಕಪ್ಪೆಯ ಹಾಗೆ ಮೂಡಿದೆಯೆಂದು ಕೆಣಕುವನು.

"ಕಪ್ಪೀನೇ ಅನ್ನಲೇ. ಬಿದ್ದಾಗ ಮೈ ತುಂಬಾ ಕೆರಕೊಂಡು ಇಲ್ಲೇ ಬರ್ತಿ, ಆವಾಗ ಕೇಳ್ತೇನಿ ಕಪ್ಪಿನೋ ಚೇಳೋ ಅಂತ."

ಅಫಜಲಪುರ, ಹವಳಗಾ, ಜೇವರ್ಗಿ ಕಡೆಯ ಗ್ಯಾರೇಜುಗಳಿಂದಲೂ ಹುಡುಗರು ಚೇಳು ಛಾಪು ಕೇಳಿಕೊಂಡು ಬರತೊಡಗಿದರು. ಒಮ್ಮೆ ಶರಣು ಅವಲಕ್ಕಿ ಚೂಡಾ ಕಟ್ಟಿಸಿಕೊಂಡು ಬಂದ ಕಾಗದದಲ್ಲಿ ಒಂದು ಬಣ್ಣದ ಚಿತ್ರವಿತ್ತು. ಯಾವುದೋ ದೇಶದ ಹುಡುಗ, ಇಂಥದೇ ಹಲಗೆಯ ಮೇಲೆ ಗಾಳಿಯಲ್ಲಿ ಎಗರಿದ್ದ. ಗ್ಯಾರೇಜಿನವರೆಲ್ಲ ಹುಡುಗನನ್ನು ನೋಡಿದರು. ಕಾಕಾ ಚಿತ್ರವನ್ನು ಬಿಸಿಲಿಗೆ ಹಿಡಿದು ಅವನ ಬೂಟು ನೋಡಿದರು. "ಅಟ್ಟಿ ಚಪ್ಪಟಿ ಅದ. ಬಲಗಾಲಿಂದು ಸವದದ. ಇವಂಗ ಬಲಗಾಲು ಹೆದರತದ," ಎಂದರು. ಆಮೇಲೆ ಚಿತ್ರವನ್ನು ಮರಳಿ ಕೊಡುತ್ತ, "ಇವನ ಬೂಟು ಹೊಲ್ದಾಂವನೂ ಹಿಂಗ ಕುಂತು ಕೇಳತಿರಬೇಕು ನೋಡ್ರಿ, ಸದ್ದು," ಎಂದರು.

ಸದ್ದಿನ ಮಾತು ನನಗೆ ಮಾತ್ರ ಅರ್ಥವಾಯಿತು. ಸಂಜೆ ಇಳಿಜಾರಿನಲ್ಲಿ ಬೇರಿಂಗು ಕಿರುಗುಟ್ಟಲು ಶುರುವಾದರೆ ಅವರ ಸುತ್ತಿಗೆ ನಿಲ್ಲುತ್ತಿತ್ತು. ಸದ್ದು ಸೇತುವೆಯ ತನಕ ಹೋಗಿ ನಿಂತು, ಅಲ್ಲಿಂದ ಹುಡುಗರ ನಗು ಕೇಳಿಸುವವರೆಗೂ ಅವರು ಸುತ್ತಿಗೆ ಎತ್ತುತ್ತಿರಲಿಲ್ಲ. ನಗು ತಡವಾದರೆ ನನ್ನ ಕೈಯ ಕೆಲಸವೂ ನಿಲ್ಲುತ್ತಿತ್ತು.

ನಮ್ಮ ಕಡೆ ಚೇಳು ಬಹಳ. ಬೂಟನ್ನು ಮಗುಚಿ, ಕಲ್ಲಿಗೆ ಬಡಿದು, ಒಳಗೆ ನೋಡದೆ ಯಾರೂ ಕಾಲು ತೂರಿಸುವುದಿಲ್ಲ. ಕಾಕಾ ಮಾತ್ರ ಗಿರಾಕಿಗಳಿಗೆ ತಮಾಷೆ ಮಾಡುತ್ತಿದ್ದರು: "ನನ್ನ ಬೂಟಿಗೆ ಬಡಿಯೂ ಕೆಲಸ ಇಲ್ರಿ. ಚೇಳು ಬರ್ತದ, ತನ್ನ ಛಾಪು ನೋಡ್ತದ, ಇದು ನಮ್ಮವರ ಮನಿ, ಒಳಗ ಮಂದಿ ಅದಾರ ಅಂತ ತಿರುಗಿ ಹೋಗ್ತದ." ಹುಡುಗರು ನಕ್ಕರು. ನಗುತ್ತ ನಗುತ್ತ ಮಗುಚಿ ಬಡಿಯುವುದನ್ನೇ ಬಿಟ್ಟರು.

ಆ ಭಾನುವಾರ ಕಾಕಾನ ಮಗಳ ಕೂಸಿನ ತೊಟ್ಟಿಲು ಕಾರ್ಯ. ಗ್ಯಾರೇಜಿನವರಿಗೆಲ್ಲ ಮೇಲಿನ ಓಣಿಯ ಅವರ ಮನೆಯಲ್ಲಿ ಊಟ. ಅಂಗಳದಲ್ಲಿ ನಡೆದದ್ದನ್ನು ನಾನು ನೋಡಿಲ್ಲ, ಕಾಕಾನ ಹೆಂಡತಿ ಕಮಲಾಬಾಯಿ ಹೇಳಿದ್ದು. ಬೇವಿನ ಗಿಡದ ಕೆಳಗೆ ಎಲ್ಲರ ಬೂಟು ಬಿಟ್ಟಿದ್ದವು. ಶರಣು ಮೊದಲು ಉಂಡೆದ್ದ. ಒಂದು ಜೋಡಿ ಮೆಟ್ಟಿ ಹಲಗೆ ಹಿಡಿದು ಹೊರಟ. ಕೈ ತೊಳೆಯಲು ಹೊರಗೆ ಬಂದ ಕಾಕಾ ಮಗ್ಗುಲಾಗಿ ಬಿದ್ದಿದ್ದ ಒಂದು ಬೂಟಿನ ಅಟ್ಟೆ ನೋಡಿದರು. ಅದು ಶರಣುವಿನ ಬಲಗಾಲಿನ ಬೂಟು, ಎರಡು ಪದರದ್ದು. ಅಲ್ಲಿ ಇಲ್ಲದ್ದು ಕಾಕಾನ ಮಗ ಗೌತಮನ ಜೋಡಿ; ಹಾಗಾದರೆ ಶರಣು ಹಾಕಿಕೊಂಡು ಹೋದದ್ದು ಅದನ್ನೇ. ಗೌತಮನಿಗೆ ಹೆದರುವುದು ಎಡಗಾಲು. ಅವನ ಬಲಗಾಲಿನ ಬೂಟು ನುಣ್ಣಗೆ.

ಇನ್ನು ನಾನು ಕಂಡದ್ದು. ಅಂಗಡಿ ಮುಚ್ಚಿ, ತಡವಾಗಿ ಊಟಕ್ಕೆಂದು ಏರುತ್ತಿದ್ದವನು ಹಲಗೆಯ ಸದ್ದು ಕೇಳಿ ತಿರುವಿನಲ್ಲಿ ಬದಿಗೆ ನಿಂತೆ. ಶರಣು ಮೇಲಿನಿಂದ ಬರುತ್ತಿದ್ದ. ಕೆಳಗೆ ಗಾಣಗಾಪುರದ ಬಸ್ಸು ಸೇತುವೆಗೆ ಬಂದಿತ್ತು. ಬಸ್ಸು ಕಂಡು ಅವನು ಬಲಗಾಲು ಇಳಿಸಿದ. ಕಾಲು ಜಾರಿತು. ಮತ್ತೆ ಇಳಿಸಿದ, ಮತ್ತೆ ಜಾರಿತು. ಅವನ ಮುಖ ನೋಡಿದೆ. ಏನಾಗುತ್ತಿದೆ ಎಂದು ಅವನಿಗೆ ತಿಳಿದಿರಲಿಲ್ಲ.

ಆಗ ಕಾಲುದಾರಿಯಿಂದ, ಜಾಲಿಯ ಮುಳ್ಳಿನ ನಡುವೆ, ಭೀಮಶಾ ಕಾಕಾ ಓಡಿ ಬಂದರು. ಬರಿಗಾಲು. ಎಡಗೈಯಲ್ಲಿ ಒಂದು ಬೂಟು ಎತ್ತಿ ಹಿಡಿದಿದ್ದರು.

"ಎಡಗಾಲು! ಎಡಗಾಲು ಹೆದರಸಲೇ, ಶರಣಾ!"

ಬೇರಿಂಗಿನ ಸದ್ದಿನಲ್ಲಿ ಕೇಳಿಸಿತೋ, ಆ ಕೈ ಕಂಡಿತೋ, ಇವತ್ತಿಗೂ ಶರಣುವಿಗೆ ಗೊತ್ತಿಲ್ಲ. ಎಡಗಾಲು ಇಳಿಸಿದ. ಟೈರು ಡಾಂಬರನ್ನು ಕಚ್ಚಿತು. ಹಲಗೆ ಗಿರ್ರನೆ ತಿರುಗಿ ಅವನನ್ನು ಜಾಲಿಯ ಪೊದೆಗೆ ಎಸೆಯಿತು. ಹಲಗೆಯೊಂದೇ ಕೆಳಗೆ ಹೋಯಿತು. ಬಸ್ಸಿನ ಗಾಲಿಯ ಕೆಳಗೆ ಅದು ಮುರಿದ ಸದ್ದು ಮೇಲಿನ ತನಕ ಕೇಳಿಸಿತು.

ಪೊದೆಯಿಂದ ಶರಣುವಿನ ದನಿ ಬಂತು: "ಕಾಕಾ, ಬೂಟು ನಂದಲ್ಲೇನು?"

ಕಾಕಾ ರಸ್ತೆಯ ಮೇಲೆಯೇ ಕೂತುಬಿಟ್ಟರು.

ಅವರ ಅಂಗಾಲಿನ ಮುಳ್ಳು ತೆಗೆದವನು ನಾನೇ. "ಎಲ್ಲಾ ನೆಟ್ಟಗಾತಲ್ಲ ಕಾಕಾ," ಎಂದೆ. ಅವರು ತಮ್ಮ ಪಾದಗಳನ್ನು ನೋಡುತ್ತಿದ್ದರು. "ಬಡಿದು ಹಾಕ್ಕೊಂಡಿದ್ರ ಅಟ್ಟಿ ಕಾಣತಿತ್ರಿ ಅವಂಗ. ನಾನೇ ಬ್ಯಾಡ ಅಂದಿದ್ನಿ. ಇವತ್ತು ನನ್ನ ಎರಡೂ ಕಾಲು ಹೆದರ್ಯಾವ್ರಿ."

ಮರುದಿನದಿಂದ ಅವರು ಆ ಪ್ರಶ್ನೆ ಕೇಳಲಿಲ್ಲ. ಚೇಳಿನ ಅಚ್ಚು ಏನಾಯಿತೋ ನಾನು ನೋಡಿಲ್ಲ. ಹಳ್ಳಕ್ಕೆ ಎಸೆದರು ಎನ್ನುತ್ತಾರೆ. ಎರಡೂ ಕಾಲಿಗೆ ಒಂದೇ ತರಹದ, ಛಾಪಿಲ್ಲದ ಬೂಟು ಹೊಲಿದರು. ಹಲಗೆಯ ಹುಡುಗರು ಬರುವುದು ಕಡಿಮೆಯಾಯಿತು. ಮುಂದೆ ಕಾರ್ಖಾನೆಯ ಕ್ಯಾನ್ವಾಸ್ ಬೂಟು ಬಂದವು.

ಕೊನೆಯ ಸಲ ಅವರನ್ನು ಕಂಡದ್ದು ಆಳಂದದಲ್ಲಿ, ಶಾಲೆ ಮಾಸ್ತರನಾಗಿದ್ದ ಗೌತಮನ ಮನೆಯಲ್ಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನನ್ನು ಬಸ್ಸಿಗೆ ಕಳಿಸಲು ಎದ್ದರು. ಮಗ ಕೊಡಿಸಿದ ಚಪ್ಪಟೆ ಅಟ್ಟೆಯ ಬೂಟನ್ನು ಮಗುಚಿ, ಮೆಟ್ಟಿಲಿಗೆ ಬಡಿದು, ಅಟ್ಟೆ ನೋಡಿ, "ಆ ಚಿತ್ರದ ಹುಡುಗಂದು ಇಂಥವೇ ಇದ್ದುವಲ್ರಿ," ಎಂದರು. "ಆ ಹುಡುಗ ನೆಲಕ್ಕ ಇಳದನೋ ಇಲ್ಲೋ, ಯಾರಿಗೆ ಗೊತ್ತು." ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಕಮಲಾಬಾಯಿಯೂ ಇಲ್ಲ. ಆ ಬಸ್ಸಿನ ಡ್ರೈವರ್ ಎಲ್ಲಿಯವನೋ ತಿಳಿಯದು. ಗೌತಮ ಅಂದು ಇನ್ನೂ ಊಟಕ್ಕೆ ಕೂತಿದ್ದ, ನೋಡಿದವನಲ್ಲ. ಆ ತಿರುವಿನಲ್ಲಿ ನಡೆದದ್ದನ್ನು ಕಂಡು ಉಳಿದವರು ನಾನು, ಮತ್ತು ಜೇವರ್ಗಿಯಲ್ಲಿ ಸ್ವಂತ ಗ್ಯಾರೇಜು ಇಟ್ಟಿರುವ ಶರಣು. ಅವನು ವರ್ಷಕ್ಕೊಮ್ಮೆ ನಮ್ಮ ಮನೆಗೆ ಬರುತ್ತಾನೆ. ಹೋಗುವಾಗ ಅಂಗಳದಲ್ಲಿ ಒಂದೊಂದೇ ಬೂಟನ್ನು ಎತ್ತಿ ಮಗುಚುತ್ತಾನೆ, ಕಲ್ಲಿಗೆ ಬಡಿಯುತ್ತಾನೆ, ಅಟ್ಟೆ ನೋಡುತ್ತಾನೆ. ಅವನು ಎರಡನ್ನೂ ಮೆಟ್ಟುವ ತನಕ ನಾನು ಬಾಗಿಲಲ್ಲಿ ನಿಂತಿರುತ್ತೇನೆ.