ಅತ್ತಿಗೆಯ ಕೊನೆಯ ಬೋರ್ಡು

ಅತ್ತಿಗೆಯ ಬಲಗೈ ಹೆಬ್ಬೆರಳಿನ ಬದಿಯಲ್ಲಿ ಹುಣಸೆಬೀಜದಷ್ಟು ಅಗಲದ ಬಿಳಿ ಕಲೆಯಿತ್ತು. ಅಲ್ಲಿ ಚರ್ಮ ಗೆರೆಗಳೇ ಇಲ್ಲದೆ ನುಣ್ಣಗೆ ಹೊಳೆಯುತ್ತಿತ್ತು. ಮದುವೆ ಮನೆಗಳಲ್ಲಿ ಅವರು ಎಲೆಗೆ ಬಡಿಸಲು ಬಗ್ಗಿದಾಗ ನೆಂಟರ ಹೆಂಗಸರು ಅದನ್ನು ನೋಡಿ, ತೊನ್ನು ಶುರುವಾಗಿದೆ ಎಂದು ಪಿಸುಗುಟ್ಟುತ್ತಿದ್ದರು. ನಿಜಕ್ಕೂ ಅದು ಸುಟ್ಟ ಗಾಯ. ಸುಟ್ಟದ್ದು ಮಾತ್ರ ತಣ್ಣನೆಯ ನೈಟ್ರೋಜನ್, ಅದನ್ನು ತಂದುಕೊಡುತ್ತಿದ್ದವನು ನಾನು. ಒಮ್ಮೆ ಇದನ್ನೆಲ್ಲ ಬಿಡಿಸಿ ಹೇಳಲು ಬಾಯಿ ತೆಗೆದೆ, ಅತ್ತಿಗೆ ತಡೆದರು. "ಸುಮ್ನಿರು ಮಾರಾಯ. ತೊನ್ನು ಅಂದ್ರೆ ಅವ್ರಿಗೆ ಗೊತ್ತಾಗ್ತೈತೆ. ನೈಟ್ರೋಜನ್ ಅಂದ್ರೆ ಊಟ ಆರಿ ಹೋಗೋತಂಕ ಹೇಳ್ಬೇಕಾಗ್ತೈತೆ" ಎಂದರು.

ನನ್ನ ಕೆಲಸ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು. ಬೆಳಗೋಡಿನ ಸುತ್ತ ಯಾರ ಹಸು ಬೆದೆಗೆ ಬಂದರೂ ನನಗೆ ಫೋನ್ ಬರುತ್ತದೆ, ಬೈಕಿನ ಹಿಂದೆ ಕ್ಯಾನ್ ಕಟ್ಟಿಕೊಂಡು ಹೋಗುತ್ತೇನೆ. ಊರವರು ಡಾಕ್ಟ್ರೇ ಎನ್ನುತ್ತಾರೆ, ನಾನು ಡಾಕ್ಟರಲ್ಲ. ಕ್ಯಾನಿನೊಳಗೆ ಹೋರಿಯ ವೀರ್ಯ ತುಂಬಿದ ಸಣ್ಣ ಸಣ್ಣ ಕಡ್ಡಿಗಳಿರುತ್ತವೆ. ಅವು ಕೆಡದಂತೆ ಸುತ್ತ ನೈಟ್ರೋಜನ್ ತುಂಬಿರುತ್ತದೆ. ನೋಡಲು ನೀರಿನ ಹಾಗೆಯೇ, ಆದರೆ ಮಂಜುಗಡ್ಡೆ ಅದರ ಮುಂದೆ ಬಿಸಿನೀರು ಎನ್ನಬೇಕು. ಅದನ್ನು ತುಂಬುವ ಗಾಡಿ ಗೊತ್ತಾದ ದಿನ ಬರುತ್ತದೆ. ಅದರ ಹಿಂದಿನ ದಿನ, ನೈಟ್ರೋಜನ್ ಕೂಡಿಡುವ ದೊಡ್ಡ ಜಾರಿನಲ್ಲಿ ಮಿಕ್ಕಿದ್ದರಲ್ಲಿ ಕಡ್ಡಿಗಳಿಗೆ ಬೇಕಾದಷ್ಟನ್ನು ಬಿಟ್ಟು ಉಳಿದದ್ದು ಅತ್ತಿಗೆಯ ಪಾಲು. ಎಷ್ಟು ತೆಗೆಯಬಹುದು ಎಂಬುದನ್ನು ಮರದ ಸ್ಕೇಲು ಇಳಿಸಿ ಅವರೇ ಅಳೆಯುತ್ತಿದ್ದರು. ನಾನು ಹೇಳಿದರೆ ನಂಬುತ್ತಿರಲಿಲ್ಲ. "ನೀನು ಪ್ರೀತಿಗೆ ಜಾಸ್ತಿ ಕೊಟ್ಬುಡ್ತೀಯ. ಆಮೇಲೆ ಊರ ಹಸುವೆಲ್ಲ ಗೊಡ್ಡು ಬಿದ್ದಾವು" ಎನ್ನುತ್ತಿದ್ದರು.

ಅಷ್ಟು ತಣ್ಣನೆಯದು ಅವರಿಗೆ ಯಾಕೆ ಬೇಕಿತ್ತು ಎಂದರೆ, ಅತ್ತಿಗೆ ಕಂಪ್ಯೂಟರಿನ ಮದರ್‌ಬೋರ್ಡುಗಳನ್ನು ಪರೀಕ್ಷೆ ಮಾಡುತ್ತಿದ್ದರು. ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ ನಮ್ಮ ಮನೆಗೆ ಸೊಸೆಯಾಗಿ ಬಂದವರು. ಮೊದಮೊದಲು ಅಕ್ಕಪಕ್ಕದ ಎಸ್ಟೇಟುಗಳ ಆಫೀಸಿನ ಕಂಪ್ಯೂಟರು ರಿಪೇರಿ ಮಾಡುತ್ತಿದ್ದರು. ಆಮೇಲೆ ಈ ಹುಚ್ಚು ಹಿಡಿಯಿತು. ಕಂಪನಿಯವರು ಕಂಪ್ಯೂಟರಿಗೆ ಇಷ್ಟು ವೇಗ ಎಂದು ಗೊತ್ತು ಮಾಡಿ ಕಳಿಸಿರುತ್ತಾರೆ. ಅದನ್ನು ಮೀರಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಓಡಿಸಿದರೆ ಅದು ಕಾದು ಕೆಂಡವಾಗುತ್ತದೆ, ಆದ್ದರಿಂದ ತಣಿಸುತ್ತಲೇ ಇರಬೇಕು. ಹಾಸನದ ಲೇತ್ ಅಂಗಡಿಯಲ್ಲಿ ದಪ್ಪ ತಳದ ತಾಮ್ರದ ಲೋಟವೊಂದನ್ನು ಮಾಡಿಸಿ, ಬೋರ್ಡಿನ ನಡುವೆ ಪ್ರೊಸೆಸರ್ ಮೇಲೆ ಅದನ್ನು ಕೂರಿಸಿ, ನೈಟ್ರೋಜನ್ ಸುರಿಯುತ್ತಾ ವೇಗ ಏರಿಸುತ್ತಿದ್ದರು. ಎಲ್ಲವನ್ನೂ ವಿಡಿಯೊ ಮಾಡಿ, ಆ ಬೋರ್ಡು ಕೊಳ್ಳಬಹುದೇ ಬೇಡವೇ ಎಂದು ಕನ್ನಡದಲ್ಲಿ ಹೇಳುತ್ತಿದ್ದರು. ಕಾಫಿ ಕಣದ ಪಕ್ಕದ ಸ್ಟೋರಿನಲ್ಲಿ, ಮೆಣಸಿನ ಮೂಟೆಗಳ ನಡುವೆ, ಹಳೇ ಬಾಗಿಲೊಂದನ್ನು ಮೇಜು ಮಾಡಿಕೊಂಡಿದ್ದರು. ಅಣ್ಣ ಅದನ್ನು ಐಸ್ ಕ್ಯಾಂಡಿ ಅಂಗಡಿ ಎಂದು ಕರೆಯುತ್ತಿದ್ದ.

ನಮ್ಮ ಸೀಮೆಯ ಚಳಿ ಈ ಕೆಲಸಕ್ಕೆ ಒಳ್ಳೆಯದು ಎಂದು ನೋಡುಗರು ಬರೆಯುತ್ತಿದ್ದರು. ಅತ್ತಿಗೆಗೆ ಇಲ್ಲಿನ ಮಂಜಿನಷ್ಟು ಕಾಟ ಬೇರೇನೂ ಕೊಟ್ಟಿಲ್ಲ. ತಣ್ಣಗಿನ ಲೋಟದ ಸುತ್ತ ಗಾಳಿಯ ತೇವವೆಲ್ಲ ಬಂದು ನೀರಾಗುತ್ತದೆ, ಬೋರ್ಡಿನ ಮೇಲೆ ನೀರಿಳಿದರೆ ಕಥೆ ಮುಗಿಯಿತು. ಅದಕ್ಕೇ ಬಿಸಿಲೇರಿದ ಮೇಲೆಯೇ ಶುರು ಮಾಡುತ್ತಿದ್ದರು. ಲೋಟದ ಸುತ್ತ ವ್ಯಾಸಲೀನ್ ಬಳಿದು, ಟಿಶ್ಯೂ ಪೇಪರಿನ ತುಂಡುಗಳನ್ನು ಬೆರಳಿನಿಂದ ಒತ್ತೊತ್ತಿ ತುಂಬಿ, ಒಂದು ಕೂದಲೆಳೆ ಸಂದೂ ಇರದಂತೆ ಮುಚ್ಚುತ್ತಿದ್ದರು. ಗ್ಲೌಸು ಹಾಕಿಕೊಳ್ಳಿ ಎಂದರೆ ಕೇಳುತ್ತಿರಲಿಲ್ಲ. ಸಂದು ಇದೆಯೋ ಇಲ್ಲವೋ ಬರಿಬೆರಳಿಗೇ ಗೊತ್ತಾಗಬೇಕು ಎನ್ನುತ್ತಿದ್ದರು. ಕೆಲಸ ಮುಗಿಯುವಷ್ಟರಲ್ಲಿ ಬೆರಳುಗಳು ಮರಗಟ್ಟಿರುತ್ತಿದ್ದವು. ಬಚ್ಚಲು ಒಲೆಯ ಮುಂದೆ ಕೂತು ಕೈ ಕಾಯಿಸಿಕೊಂಡೇ ಅಡಿಗೆಮನೆಗೆ ಬರುತ್ತಿದ್ದರು. "ಕೈ ಮರಗಟ್ಟೈತೆ" ಎನ್ನುವುದು ನಮ್ಮ ಮನೆಯಲ್ಲಿ "ಕಾಫಿ ಆಗೈತೆ" ಎನ್ನುವಷ್ಟು ಮಾಮೂಲಿ ಮಾತಾಗಿತ್ತು.

ವಿಡಿಯೊದಲ್ಲೂ ಅವರು ಒಲೆಯ ಮುಂದೆ ಮಾತಾಡಿದ ಹಾಗೆಯೇ ಮಾತಾಡುತ್ತಿದ್ದರು. ಯಾರೋ ಒಬ್ಬ, "ಅಕ್ಕಾ, ಹೋಗಿ ಮುದ್ದೆ ಮಾಡಿ" ಎಂದು ಬರೆದಿದ್ದ. ಮುಂದಿನ ವಿಡಿಯೊ ಶುರುವಾದದ್ದೇ ಹೀಗೆ: "ಮುದ್ದೆ ಮಾಡಾಯ್ತು, ಉಂಡೂ ಆಯ್ತು ಕಣಪ್ಪ. ಈಗ ಬೋರ್ಡ್ ನೋಡಣ." ಒಂದು ಬೋರ್ಡು ಕೆಟ್ಟದಾಗಿ ನಡೆದುಕೊಂಡರೆ ಅವತ್ತೇ ದೂರು ಹೇಳಿದವರಲ್ಲ. "ಒಂದೇ ಸಲ ಆಗಿದ್ದನ್ನ ಹೇಳ್ಬಾರ್ದು ಕಣೋ. ಇನ್ನೊಂದ್ ಸಲ ಆಗ್ಲಿ, ಆಮೇಲೆ ಬೈಯಣ" ಎನ್ನುತ್ತಿದ್ದರು. ನನಗೆ ಅಷ್ಟು ತಾಳ್ಮೆಯಿಲ್ಲ. ನಾನಾದರೆ ಮೊದಲನೇ ಸಲವೇ ಬೈದು, ಎರಡನೇ ಸಲ ಒದ್ದಿರುತ್ತಿದ್ದೆ.

ಅವರಿಗೆ ಇದ್ದದ್ದು ಒಂದೇ ಆಸೆ, ಅಂಗಡಿಗೆ ಬರುವ ಮುಂಚೆ ಒಂದು ಹೊಸ ಬೋರ್ಡು ತಮ್ಮ ಕೈಗೆ ಬರಬೇಕು ಎಂದು. ದೊಡ್ಡ ವಿಮರ್ಶಕರಿಗೆಲ್ಲ ಹಾಗೆ ಬರುತ್ತದೆ. ಅತ್ತಿಗೆ ಮಾತ್ರ ಯಾರೋ ಕೊಂಡದ್ದನ್ನು ಎರವಲು ತಂದು, ಎಲ್ಲರೂ ಹೇಳಿಯಾದ ಮೇಲೆ ಹೇಳುತ್ತಿದ್ದರು. ಕೊನೆಗೂ ಒಂದು ಕಂಪನಿಯ ಬೆಂಗಳೂರಿನ ಪ್ರತಿನಿಧಿ ಫೋನ್ ಮಾಡಿದ. ಓವರ್‌ಕ್ಲಾಕಿಂಗ್ ಹುಚ್ಚಿನವರಿಗೆಂದೇ ಮಾಡಿದ ಬೋರ್ಡು ಕಳಿಸುತ್ತೇವೆ, ಅದು ಅಂಗಡಿಗೆ ಬರುವ ಬೆಳಿಗ್ಗೆ ನಿಮ್ಮ ವಿಡಿಯೊ ಬರಬೇಕು ಎಂದ. ಪೆಟ್ಟಿಗೆ ಬಂದ ದಿನ ಅತ್ತಿಗೆ ಅದನ್ನು ಬಿಚ್ಚಲಿಲ್ಲ. ಸುಮ್ಮನೆ ಮೇಜಿನ ಮೇಲಿಟ್ಟು, ಸ್ಟೋರಿಗೆ ಬಂದ ಕೊಯ್ಲಿನ ಹೆಂಗಸರಿಗೆಲ್ಲ ತೋರಿಸಿದರು. ಅವರಲ್ಲೊಬ್ಬಳು ಕುಕ್ಕರಾ ಎಂದು ಕೇಳಿದಳು.

ಮೊದಲನೇ ಪರೀಕ್ಷೆಯಲ್ಲಿ ಬೋರ್ಡು ಅವರು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಓಡಿತು. ಆಮೇಲೆ ಒಮ್ಮೆ ಆರಿಸಿ, ಆ ತಣ್ಣಗಿನಲ್ಲೇ ಮತ್ತೆ ಹಚ್ಚಿದರು. ಹತ್ತಲಿಲ್ಲ. ಲೋಟ ಬೆಚ್ಚಗಾಗಿ ಎಲ್ಲ ಒಣಗಿದ ಮೇಲೆ ಸಲೀಸಾಗಿ ಹತ್ತಿತು. ತಣ್ಣಗಿದ್ದಾಗ ಏಳದ ಬೋರ್ಡು ಈ ಹುಚ್ಚಿನವರಿಗೆ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಲೋಕದಲ್ಲಿ ಇನ್ನೂ ಯಾರೂ ಹೇಳದ ದೋಷ ಅವರ ಕೈಗೆ ಸಿಕ್ಕಿತ್ತು. ನನಗೆ ಕುಣಿಯುವ ಹಾಗಾಯಿತು.

"ಇವತ್ತೇ ಹಾಕ್ಬುಡಿ ಅತ್ಗೆ, ಊರೆಲ್ಲ ನಿಮ್ ಹೆಸರೇ ಆಗ್ತೈತೆ" ಎಂದೆ.

"ಒಂದೇ ಸಲ ಆಗಿರೋದು" ಎಂದರು. ಅಷ್ಟು ಹೇಳಿ ಬಚ್ಚಲು ಒಲೆಯ ಕಡೆ ಹೋದರು.

ಮುಂದಿನ ಸಲ ನೈಟ್ರೋಜನ್ ತಂದಾಗ ಅವರು ಬೋರ್ಡಿನ ಮುಂದೆ ಕೂತು ಟಿಶ್ಯೂ ಒತ್ತುತ್ತಿದ್ದರು, ತುಂಡುಗಳು ಕೈಯಿಂದ ಜಾರಿ ಬೀಳುತ್ತಿದ್ದವು. "ಕೈ ಮರಗಟ್ಟೈತೆ, ನೀನೇ ಒತ್ತು ಬಾ" ಎಂದರು. ಅವರು ತೋರಿಸಿದ ಕಡೆಯೆಲ್ಲ ನಾನು ಒತ್ತಿದೆ, ನಾನೇ ಸುರಿದೆ. ತಣ್ಣಗಾದ ಮೇಲೆ ಆರಿಸಿ ಹಚ್ಚಿದರು. ಬೋರ್ಡು ಹತ್ತಿತು. ಮತ್ತೆ ಆರಿಸಿದರು, ಮತ್ತೆ ಹತ್ತಿತು. ಎಷ್ಟು ಸಲ ಮಾಡಿದರೂ ಅದು ತಕರಾರಿಲ್ಲದೆ ಎದ್ದಿತು. ನನಗೆ ಬೋರ್ಡಿನ ಮೇಲೆ ಸಿಟ್ಟೇ ಬಂತು.

ಅತ್ತಿಗೆ ಎರಡು ದಿನದ ವಿಡಿಯೊಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಮೊದಲನೆಯದರಲ್ಲಿ ಅವರ ಬಲಗೈ ಲೋಟದ ಒಂದು ಬದಿಗೆ ಟಿಶ್ಯೂ ಒತ್ತಿದಂತೆ ಮಾಡಿ ಮುಂದೆ ಹೋಗುತ್ತದೆ. ಬೆರಳುಗಳು ಪೂರ್ತಿ ಮಡಚಿಲ್ಲ, ಅಲ್ಲೊಂದು ಸಂದು ಹಾಗೇ ಉಳಿದಿದೆ. ನೀರು ಇಳಿದದ್ದು ಅಲ್ಲಿಂದ. ಆ ಜಾಗವನ್ನು ಅವರು ಹಿಂದೆ ಮುಂದೆ ಓಡಿಸಿ ಬಹಳ ಹೊತ್ತು ನೋಡಿದರು.

"ಬೋರ್ಡು ಸರಿಯಾಗೈತೆ ಕಣೋ" ಎಂದರು. "ನನ್ನ ಕೈಯೇ ಸರಿ ಇಲ್ಲ."

"ಥಂಡಿಗೆ ಹಂಗಾಗಿರ್ತೈತೆ ಬುಡಿ."

"ಯಾವ ಥಂಡಿ? ಅವತ್ತು ಇದನ್ನ ಒತ್ತಬೇಕಾದ್ರೆ ನೀನಿನ್ನೂ ಕ್ಯಾನ್ ಮುಚ್ಚಳ ತೆಗೆದಿರ್ಲಿಲ್ಲ. ಇವತ್ತೂ ಅಷ್ಟೇ. ಎರಡ್ ಸಲ ಆಯ್ತಲ್ಲೋ."

ಅವರು ಗಾಬರಿಯಾಗಿರಲಿಲ್ಲ. ಬೇರೆ ಯಾವ ಬೋರ್ಡಿನ ಬಗ್ಗೆಯಾದರೂ ಅದೇ ದನಿಯಲ್ಲಿ ಹೇಳುತ್ತಿದ್ದರು. ಆಮೇಲೆ ನನಗೂ ಅಣ್ಣನಿಗೂ ಒಂದೊಂದೇ ನೆನಪಾಯಿತು. ಕಾಫಿ ಲೋಟ ಕೈಯಿಂದ ಬಿದ್ದದ್ದು, ಸ್ವೆಟರಿನ ಗುಂಡಿ ಹಾಕಲಾಗದೆ ಅಣ್ಣನನ್ನು ಕರೆದದ್ದು. ಆಗೆಲ್ಲ ಅವರು ತಪ್ಪನ್ನು ನೈಟ್ರೋಜನ್ ಮೇಲೆ ಹಾಕಿದ್ದರು, ನಾವು ನಕ್ಕಿದ್ದೆವು.

ಆಸ್ಪತ್ರೆಗೆ ಹೋಗುವ ಮುಂಚೆ ಅವರು ವಿಡಿಯೊ ಮುಗಿಸಿದರು. ಬೋರ್ಡು ಚೆನ್ನಾಗಿದೆ, ಕೊಳ್ಳಬಹುದು ಎಂದರು. ಮೊದಲನೇ ಸಲ ಹತ್ತದೇ ಇದ್ದದ್ದನ್ನೂ ತೋರಿಸಿ, ತಪ್ಪು ತಮ್ಮ ಕೈಯದು ಎಂದು ಸಂದಿನ ಜಾಗವನ್ನು ದೊಡ್ಡದು ಮಾಡಿ ತೋರಿಸಿದರು. ಕಂಪನಿಯ ಪ್ರತಿನಿಧಿ ಫೋನ್ ಮಾಡಿ, "ಮೇಡಂ, ಆ ಭಾಗ ಕತ್ತರಿಸಿ, ಬೋರ್ಡಿಗೆ ಕೆಟ್ಟ ಹೆಸರು ಬರುತ್ತೆ" ಎಂದು ಬೇಡಿಕೊಂಡ. "ಬೋರ್ಡಿಗೆ ಒಳ್ಳೇ ಹೆಸರೇ ಕೊಟ್ಟಿದೀನಲ್ಲಪ್ಪ. ಕೆಟ್ಟ ಹೆಸರು ನನ್ನ ಕೈಗೆ, ಅದನ್ನ ನಾನು ನೋಡ್ಕೋತೀನಿ" ಎಂದು ಫೋನ್ ಇಟ್ಟರು. ಅವನು ಮತ್ತೆ ಫೋನ್ ಮಾಡಲಿಲ್ಲ.

ಹಾಸನದಲ್ಲಿ ಸ್ಕ್ಯಾನ್ ಮಾಡಿ, ತಲೆಯೊಳಗೆ ಗಡ್ಡೆಯಿದೆ ಎಂದರು. ಕೈ ಎಷ್ಟು ದಿನದಿಂದ ಹೀಗಿದೆ ಎಂದು ಡಾಕ್ಟರು ಕೇಳಿದರು. ಅಣ್ಣ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ. ಅತ್ತಿಗೆಯೇ ಹೇಳಿದರು: "ಗೊತ್ತಿಲ್ಲ ಡಾಕ್ಟ್ರೇ. ಯಾವಾಗ್ಲೂ ಮರಗಟ್ತಾ ಇತ್ತು. ಯಾವ್ದು ಥಂಡಿದು, ಯಾವ್ದು ಇದ್ರದು ಅಂತ ಹೆಂಗೆ ಹೇಳ್ಲಿ?" ಮೊದಲೇ ಬಂದಿದ್ದರೂ ದೊಡ್ಡ ವ್ಯತ್ಯಾಸವಾಗುತ್ತಿರಲಿಲ್ಲವೇನೋ ಎಂದು ಡಾಕ್ಟರು ಹೇಳಿದರು. ಅದು ನಿಜವೋ ಸಮಾಧಾನಕ್ಕೋ ನನಗೆ ಗೊತ್ತಿಲ್ಲ. ಆಗ ನನಗೆ ಏನೂ ಅನ್ನಿಸಲಿಲ್ಲ. ಹೊರಗೆ ಬಂದು ಮೂವರೂ ದೋಸೆ ತಿಂದೆವು.

ಆಪರೇಷನ್ ಆಯಿತು, ಪ್ರಯೋಜನವಾಗಲಿಲ್ಲ. ಮನೆಗೆ ಕರೆತಂದೆವು. ಮರಗಟ್ಟುವಿಕೆ ಬೆರಳಿಂದ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ ಏರಿತು. ಸಂಜೆ ನಾನು ಕೆಲಸ ಮುಗಿಸಿ ಬಂದ ಮೇಲೆ ಅತ್ತಿಗೆ ತಮ್ಮ ಕೈಯ ಪರೀಕ್ಷೆ ಮಾಡಿಸುತ್ತಿದ್ದರು. ಅವರು ಕಣ್ಣು ಮುಚ್ಚಬೇಕು, ನಾನು ಯಾವುದೋ ಒಂದು ಬೆರಳು ಒತ್ತಬೇಕು, ಯಾವುದೆಂದು ಅವರು ಹೇಳಬೇಕು. ಮೊದಲು ಹೆಬ್ಬೆರಳು ಹೋಯಿತು. ಆಮೇಲೆ ತೋರುಬೆರಳು. "ಇಲ್ಲ" ಎನ್ನುತ್ತಿದ್ದರು. "ಇನ್ನೊಂದ್ ಸಲ ಒತ್ತು." ನಾನು ಒತ್ತುತ್ತಿದ್ದೆ. "ಇಲ್ಲ. ಹೋಗೈತೆ, ಬುಡು." ಗೊತ್ತಾಗದಿದ್ದರೂ ಗೊತ್ತಾಯಿತು ಎಂದವರಲ್ಲ. ಅಣ್ಣನಿಗೆ ಇದನ್ನು ನೋಡಲಾಗುತ್ತಿರಲಿಲ್ಲ. ನಾನು ಮಂಚದ ಪಕ್ಕ ಕೂತ ಕೂಡಲೇ ಎದ್ದು ಕಣಕ್ಕೆ ಹೋಗಿ, ಹರಡಿದ್ದ ಕಾಫಿಯನ್ನೇ ಮತ್ತೆ ಹರಡುತ್ತಿದ್ದ.

ಅವರು ಹೋದ ಬೆಳಿಗ್ಗೆ ನಾನು ವನಗೂರಿನಲ್ಲಿದ್ದೆ. ಅಲ್ಲಿ ಈ ಕೆಲಸ ಮಾಡುವವನು ರಜೆ ಹಾಕಿದ್ದರಿಂದ ನನ್ನನ್ನು ಕಳಿಸಿದ್ದರು. ಒಂದು ಕೊಟ್ಟಿಗೆಯಲ್ಲಿ ಕೆಲಸ ಅರ್ಧ ಆಗಿದ್ದಾಗ ಫೋನ್ ಬಂತು. ಮಾತು ಮುಗಿಸಿ, ಹಸುವಿನ ಕೆಲಸವನ್ನೂ ಮುಗಿಸಿದೆ. ಕೈ ತೊಳೆದೆ, ಕ್ಯಾನ್ ಕಟ್ಟಿದೆ, ಹೊರಟೆ. ದಾರಿಯಲ್ಲಿ ಜೀಪೊಂದು ಎದುರಾಗಿ ಸೈಡು ಕೊಡದೆ ನಿಂತಾಗ ಡ್ರೈವರನ ಜೊತೆ ಜಗಳವನ್ನೂ ಆಡಿದೆ. ಮನೆಯಲ್ಲಿ ಎಲ್ಲರೂ ಅಳುತ್ತಿದ್ದರು. ನಾನು ಶಾಮಿಯಾನ, ಕುರ್ಚಿ, ಕಟ್ಟಿಗೆ ನೋಡಿಕೊಂಡೆ. ಮೈದುನನ ಕಣ್ಣಲ್ಲಿ ಒಂದು ಹನಿ ಇಲ್ಲ ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಅವರು ಹೇಳಿದ್ದು ಸರಿ. ತಿಥಿ ಮುಗಿಯಿತು, ಮಳೆಗಾಲ ಬಂದು ಹೋಯಿತು, ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ನೈಟ್ರೋಜನ್ ಗಾಡಿ ಈಗಲೂ ಬರುತ್ತದೆ. ಜಾರಿನಲ್ಲಿ ಮಿಕ್ಕದ್ದು ಅಲ್ಲೇ ಆವಿಯಾಗುತ್ತದೆ. ಅವರ ವಿಡಿಯೊಗಳ ಕೆಳಗೆ, ಅಕ್ಕಾ ಹೊಸ ಬೋರ್ಡು ಯಾವಾಗ ಎಂದು ಜನ ಕೇಳುತ್ತಲೇ ಇದ್ದಾರೆ, ನಾನು ಓದಿ ಫೋನ್ ಜೇಬಿಗಿಡುತ್ತೇನೆ. ಹಸು ಗಬ್ಬವಾಗಿದೆಯೇ ಎಂದು ಯಾರಾದರೂ ಕೇಳಿದರೆ, ಒಂದು ಸಲ ನೋಡಿ ಹೇಳುವುದನ್ನು ಬಿಟ್ಟಿದ್ದೇನೆ. ಮತ್ತೊಮ್ಮೆ ಬಂದು ನೋಡಿಯೇ ಹೇಳುತ್ತೇನೆ. ಆ ಬುದ್ಧಿ ನನ್ನದಲ್ಲ, ಅವರು ಕೊಟ್ಟದ್ದು.

ಅಣ್ಣ ಮಾತ್ರ ಈಗ ಸ್ವಲ್ಪ ಮಾತಾಡುತ್ತಾನೆ. ಮಾತಾಡಿದಾಗಲೆಲ್ಲ ಅದೊಂದೇ ಸಂಜೆಯ ಸುದ್ದಿ. "ಕೊನೇಗೆ ಕೈ ಸ್ವಲ್ಪ ಬಂದಿತ್ತು ಕಣೋ. ನೀನೇ ಇದ್ದೆಯಲ್ಲ. ಇನ್ನೊಂದ್ ವಾರ ಸಿಕ್ಕಿದ್ರೆ ಎದ್ದು ಕೂರೋಳು" ಎನ್ನುತ್ತಾನೆ. ನೆಂಟರಿಗೂ ಅದನ್ನೇ ಹೇಳುತ್ತಾನೆ. ಹೇಳಿದ ದಿನ ಸರಿಯಾಗಿ ಊಟ ಮಾಡುತ್ತಾನೆ. ನಾನು ಹೂಂ ಎನ್ನುತ್ತೇನೆ.

ಅದು ಅವರು ಹೋಗುವ ಹಿಂದಿನ ಸಂಜೆ. ನಾನು ಮಂಚದ ಪಕ್ಕ ಕೂತರೂ ಅಣ್ಣ ಅವತ್ತು ಕಣಕ್ಕೆ ಹೋಗದೆ ಬಾಗಿಲಲ್ಲೇ ನಿಂತಿದ್ದ. ಗಡ್ಡ ಬೆಳೆದಿತ್ತು, ಎರಡು ದಿನದಿಂದ ಏನೂ ತಿಂದಿರಲಿಲ್ಲ. "ಏನಾದ್ರೂ ಗೊತ್ತಾಗ್ತೈತೇನೇ?" ಎಂದು ಕೇಳಿದ. ಅತ್ತಿಗೆ ಅವನನ್ನು ಒಂದು ಗಳಿಗೆ ನೋಡಿದರು. "ಒತ್ತು" ಎಂದು ನನಗೆ ಹೇಳಿ ಕಣ್ಣು ಮುಚ್ಚಿದರು. ನಾನು ಕೈ ಮುಂದೆ ಮಾಡಿದೆ.

"ಹ್ಞಾ, ಗೊತ್ತಾಯ್ತು ಕಣ್ರೀ! ಉಂಗುರದ ಬೆರಳು" ಎಂದರು.

ಅಣ್ಣ ಮುಖ ಒರೆಸಿಕೊಂಡು, ಹಾಲು ಕಾಯಿಸುತ್ತೇನೆ ಎಂದು ಓಡಿದ. ನಾನು ಇನ್ನೂ ಅವರ ಕೈ ಮುಟ್ಟಿರಲಿಲ್ಲ.