ಎಡಗೈಗೆ ಕೊಟ್ಟ ಏಟು

ಆನೆ, ಹಾವು, ತುಂಡಾಗಿ ಬಿದ್ದ ಕರೆಂಟು ತಂತಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಹಲಸಿನ ಬೀಜ: ಮಗಳಿಗೆ ಏನೇನು ಆಗಬಹುದೆಂದು ಯೋಚಿಸುವುದರಲ್ಲಿ ಯಸಳೂರಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ನನಗೆ ನಲವತ್ಮೂರಾದ ಮೇಲೆ ಹುಟ್ಟಿದವಳು. ಅವಳಿಗೆ ಬಿಕ್ಕಳಿಕೆ ಬಂದರೂ ಜೀಪು ತೆಗೆಯುತ್ತಿದ್ದೆ. “ಮಾರಾಯ, ಒಂದಿನ ನೀನೇ ಅಡ್ಮಿಟ್ ಆಗ್ಬುಡು” ಎಂದು ಸಕಲೇಶಪುರದ ಡಾಕ್ಟರೇ ನಕ್ಕಿದ್ದರು. ಇನ್ನು ಗಾಬರಿ ಬೀಳುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟೆ. ಉಳಿಸಿಕೊಂಡದ್ದು ಒಂದೇ ದಿನ.

ಅವತ್ತು ಬೆಳಿಗ್ಗೆ ಎಂಟಕ್ಕೆ, ನಾಲ್ಕು ವರ್ಷದ ಮಗಳು ಎಡಗೈಯಲ್ಲಿ ದೋಸೆ ಮುರಿದಳು. ನಮ್ಮಲ್ಲಿ ಎಡಗೈಯಲ್ಲಿ ತಿನ್ನುವಂತಿಲ್ಲ. “ಬಲಗೈಯೇನು ದೇವರಿಗೆ ಮೀಸಲೇನೇ?” ಎಂದು ಆ ಕೈಗೆ ಒಂದೇಟು ಕೊಟ್ಟೆ. ಅವಳು ಅಳಲಿಲ್ಲ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅಂಗನವಾಡಿ ತಪ್ಪಿಸಲು ಹೊಸ ವರಸೆ ಅಂದುಕೊಂಡು ಕಣದಲ್ಲಿ ಕಾಫಿ ಹರವಲು ಹೋದೆ. ಗಂಟೆ ಕಳೆದ ಮೇಲೆ ಹೆಂಡತಿ ಕೂಗಿಕೊಂಡಳು: “ಬರ್ರೀ, ಬಾಯಿ ಸೊಟ್ಟಗಾಗ್ಬುಟ್ಟೈತೆ! ಮಾತೇ ಬತ್ತಿಲ್ಲ!”

“ಮಕ್ಕಳಿಗೂ ಸ್ಟ್ರೋಕಾ?” ಎಂದು ಕೇಳಿದಾಗ ಸಕಲೇಶಪುರದ ಡಾಕ್ಟರು ನಗಲಿಲ್ಲ. ಆಂಬುಲೆನ್ಸಿಗೆ ಹತ್ತಿಸಿ ಬೆಂಗಳೂರಿಗೆ ಕಳಿಸಿದರು. ಬಾಳ್ಳುಪೇಟೆಯ ಲಾರಿ ಸಾಲಿನಲ್ಲಿ ಸಿಕ್ಕಿಕೊಂಡಾಗ ಮಗಳ ಬಲಗೈ ಸ್ಟ್ರೆಚರಿನಿಂದ ಜಾರಿ ಜೋತಾಡುತ್ತಿತ್ತು.

ಬೆಂಗಳೂರಿನಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ, ತೊಡೆಯಿಂದ ಸಣ್ಣ ಕೊಳವೆ ತೂರಿಸಿ ತೆಗೆಯಬಹುದು ಎಂದರು. ಇಷ್ಟು ಚಿಕ್ಕವರಿಗೆ ಮಾಡುವುದು ಅಪರೂಪ, ನಾಳ ಹರಿಯಲೂಬಹುದು, ಹೊತ್ತು ಮೀರಿದಷ್ಟೂ ಅಪಾಯ ಹೆಚ್ಚು. “ಇದು ಶುರುವಾಗಿದ್ದು ಎಷ್ಟು ಹೊತ್ತಿಗೆ?”

“ಒಂಬತ್ತಕ್ಕೆ,” ಅಂದೆ. ಮಗಳ ಪ್ರಾಣ ಹೋಗುವ ಹೊತ್ತಲ್ಲೂ ನನ್ನ ಮಾನ ನೋಡಿಕೊಂಡೆ.

“ಸುಳ್ಳು ಹೇಳ್ಬ್ಯಾಡಿ ಕಣ್ರೀ,” ಹೆಂಡತಿ ನನ್ನ ಮುಖ ನೋಡದೆ ಅಂದಳು. “ಎಂಟಕ್ಕೇ ಬಲಗೈ ಬಿದ್ದೋಗಿತ್ತು. ಎಡಗೈಲಿ ತಿಂದ್ಲು ಅಂತ ನೀವು ಹೊಡೆದ್ರಲ್ಲ.”

ಡಾಕ್ಟರು ಎಂಟು ಎಂದು ಬರೆದುಕೊಂಡು ಒಳಗೆ ಹೋದರು.

ಹೆಪ್ಪು ಹೊರಗೆ ಬಂತು. ಹತ್ತಿಯ ಮೇಲೆ ಇಟ್ಟು ತೋರಿಸಿದರು: ಕೆಂಪಿರುವೆಯಷ್ಟು. “ಆ ಒಂದು ಗಂಟೆ ಮುಂಚೆ ಬಂದಿದ್ರೆ?” ಎಂದು ಕೇಳಿದೆ. “ಹೇಳಕ್ಕಾಗಲ್ಲ,” ಅಂದರು. ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಅಂದಿದ್ದರೆ ನಂಬಿಬಿಡುತ್ತಿದ್ದೆ.

ಮಗಳು ಈಗ ಕಾಲು ಎಳೆದುಕೊಂಡು ನಡೆಯುತ್ತಾಳೆ. ಮಾತು ಒಂದೊಂದೇ ಬರುತ್ತಿದೆ. ಬಲಗೈ ಮುಷ್ಟಿ ಮಾತ್ರ ಬಿಚ್ಚುವುದಿಲ್ಲ. ದಿನಾ ಸಂಜೆ ಎಣ್ಣೆ ಹಚ್ಚಿ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತೇನೆ.

“ನೋವು... ಕಣಪ್ಪ,” ಅನ್ನುತ್ತಾಳೆ.

ಬಿಟ್ಟ ಕೂಡಲೇ ಅವು ಮತ್ತೆ ಮಡಚಿಕೊಳ್ಳುತ್ತವೆ.